ಅಮೆರಿಕಕ್ಕೆ ಬಂದ ಹೊಸಬರಿಗೆ: ಜಿಇಡಿ ಯಾರಿಗೆ, ಯಾವ ವಯಸ್ಸಿಗೆ

ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸದವರು ಅದಕ್ಕೆ ಸಮನಾದ ಪ್ರಮಾಣಪತ್ರಕ್ಕಾಗಿ ಬರೆಯುವ ಪರೀಕ್ಷೆ ಜಿಇಡಿ. ಊರಲ್ಲಿ ಎರಡನೇ ಪಿಯುಸಿ ಪಾಸು ಮಾಡಿ ಬಂದವರು ಅದಕ್ಕೆ ದುಡ್ಡು ಕಟ್ಟುವ ಮೊದಲು ತಡೆಯಿರಿ. ಪಿಯುಸಿಯನ್ನು ಇಲ್ಲಿಯ ಹೈಸ್ಕೂಲ್ ಡಿಪ್ಲೊಮಾಕ್ಕೆ ಸಮ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಮಗೆ ಬೇಕಿರುವುದು ಅಂಕಪಟ್ಟಿಯ ಇವ್ಯಾಲ್ಯುಯೇಷನ್ ವರದಿ, ಅಂದರೆ ನಿಮ್ಮ ಓದು ಇಲ್ಲಿಯ ಯಾವ ಓದಿಗೆ ಸಮ ಎಂದು ತಿಳಿಸುವ ಕಾಗದ. ವಿದೇಶಿ ಅಂಕಪಟ್ಟಿಗಳನ್ನು ಪರಿಶೀಲಿಸುವ ಸಂಸ್ಥೆಗಳ ಒಕ್ಕೂಟವಾದ ನೇಸಸ್‌ನ ಸದಸ್ಯ ಸಂಸ್ಥೆಗಳು ಅದನ್ನು ಮಾಡಿಕೊಡುತ್ತವೆ. ಹೈಸ್ಕೂಲ್ ಮುಗಿಸಿದವರು ಸಾಮಾನ್ಯವಾಗಿ ಜಿಇಡಿ ಬರೆಯುವಂತಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವರಿಗೆ, ಪಿಯುಸಿ ಅರ್ಧಕ್ಕೆ ನಿಲ್ಲಿಸಿದವರಿಗೆ, ಫೇಲಾದವರಿಗೆ ಇರುವ ದಾರಿ ಇದು.

ಎಡವಟ್ಟಾಗುವುದು 'ಹೈಸ್ಕೂಲ್' ಎಂಬ ಪದದಲ್ಲೇ. ನಮ್ಮಲ್ಲಿ ಅದು ಹತ್ತನೇ ತರಗತಿಗೆ ಮುಗಿಯುತ್ತದೆ, ಇಲ್ಲಿ ಹನ್ನೆರಡಕ್ಕೆ. ಎಸ್ಸೆಸ್ಸೆಲ್ಸಿ ಮಾತ್ರ ಆದವರು ಅರ್ಜಿಯಲ್ಲಿ ಹೈಸ್ಕೂಲ್ ಮುಗಿದಿದೆ ಎಂದು ಟಿಕ್ ಹಾಕಿದರೆ, ಕಾಲೇಜಿನವರು ದಾಖಲೆ ಕೇಳಿದಾಗ ಸಿಕ್ಕಿಬೀಳುತ್ತಾರೆ.

ಇನ್ನು ವಯಸ್ಸು. 18 ತುಂಬಿ, ಯಾವ ಹೈಸ್ಕೂಲಿನಲ್ಲೂ ದಾಖಲಾಗಿರದಿದ್ದರೆ ಹೆಚ್ಚು ತಕರಾರಿಲ್ಲ. ಮೇಲ್ಮಿತಿ ಇಲ್ಲ, 50ರಲ್ಲೂ ಬರೆಯಬಹುದು. 16ಕ್ಕಿಂತ ಕೆಳಗಿನವರಿಗೆ ಎಲ್ಲೂ ಇಲ್ಲ. ತಲೆನೋವು 16 ಮತ್ತು 17ರದ್ದು, ಯಾಕೆಂದರೆ ಆ ನಿಯಮ ಆಯಾ ರಾಜ್ಯದ್ದು. ಟೆಕ್ಸಸ್‌ನಲ್ಲಿ 17ಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. 16ಕ್ಕೆ ಕೋರ್ಟಿನ ಆದೇಶದಂಥ ವಿಶೇಷ ಕಾರಣವೇ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 18ನೇ ಹುಟ್ಟುಹಬ್ಬಕ್ಕೆ 60 ದಿನ ಉಳಿದಿರುವಾಗ ದಾರಿ ತೆರೆಯುತ್ತದೆ. ನ್ಯೂಜೆರ್ಸಿಯಲ್ಲಿ 16, 17ರವರು ಒಪ್ಪಿಗೆಯ ಫಾರ್ಮ್ ಕೊಡಬೇಕು. ಟೆಕ್ಸಸ್‌ನ ಡಲ್ಲಾಸ್‌ನ ನೆಂಟರು ಹೇಳಿದ್ದನ್ನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಂಬಿ ಕೂರಬೇಡಿ. 18 ತುಂಬದವರು ಜಿಇಡಿ ಡಾಟ್ ಕಾಮ್‌ನಲ್ಲಿ ಖಾತೆ ತೆರೆದರೆ 'ಏಜ್ ಅಲರ್ಟ್' ಎಂಬ ತಡೆ ಬೀಳುತ್ತದೆ. ನಿಮ್ಮ ರಾಜ್ಯ ಕೇಳಿದ ಕಾಗದ ಕಳಿಸಿ ಅದು ತೆರವಾಗುವವರೆಗೆ ದಿನಾಂಕ ಕಾದಿರಿಸಲಾಗದು.

ಆದರೆ ಮಗ ಅಥವಾ ಮಗಳಿಗೆ 16, 17 ಆಗಿದ್ದರೆ ಜಿಇಡಿಯ ಗೊಡವೆಯೇ ಬೇಡ, ಹತ್ತಿರದ ಪಬ್ಲಿಕ್ ಸ್ಕೂಲಿಗೆ ಸೇರಿಸಿ. ಫೀಸಿಲ್ಲ, ಇಂಗ್ಲಿಷ್ ಕಲಿಸುವ ತರಗತಿಯೂ ಸಿಗುತ್ತದೆ. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ 21ರವರೆಗೂ ಓದುವ ಹಕ್ಕಿದೆ.

ಗುರುತಿನ ಚೀಟಿಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷ ತೊಡಕು: ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಕೂತಿರುತ್ತದೆ. ಪರೀಕ್ಷಾ ಕೇಂದ್ರಕ್ಕೆ ಯಾವ ಚೀಟಿ ಒಯ್ಯುತ್ತೀರೋ ಅದರಲ್ಲಿರುವಂತೆಯೇ ಖಾತೆಯಲ್ಲಿ ಹೆಸರು ಬರೆಯಿರಿ, ಅಕ್ಷರವೂ ಹೆಚ್ಚುಕಮ್ಮಿ ಆಗದಂತೆ. ಹೊಂದದಿದ್ದರೆ ಬಾಗಿಲಿನಿಂದಲೇ ವಾಪಸ್. ಅವಧಿ ಮುಗಿದ ಪಾಸ್‌ಪೋರ್ಟೂ ನಡೆಯದು. ಕೆಲವು ರಾಜ್ಯಗಳು ಅಲ್ಲೇ ವಾಸವಿರುವ ಪುರಾವೆಯನ್ನೂ ಕೇಳುತ್ತವೆ.

ಪರೀಕ್ಷೆ ನಾಲ್ಕು ವಿಷಯಗಳದ್ದು: ಗಣಿತ, ಇಂಗ್ಲಿಷ್, ವಿಜ್ಞಾನ, ಸಮಾಜ. ಬೇರೆಬೇರೆ ದಿನ ಬರೆಯಬಹುದು. 100ರಿಂದ 200ರ ಅಳತೆಯಲ್ಲಿ ಪ್ರತಿಯೊಂದಕ್ಕೂ 145 ಬೇಕು. ಗಣಿತದಲ್ಲಿ 180 ಬಂತೆಂದು ಸಮಾಜದ 140 ತುಂಬಿಕೊಳ್ಳುವುದಿಲ್ಲ. ನಮ್ಮವರು ಎಡವುವುದಕ್ಕೆ ಸಮಾಜವೇ ತಕ್ಕ ಜಾಗ: ಅರ್ಧ ಭಾಗ ಪೌರನೀತಿ, ಅದೂ ಅಮೆರಿಕದ ಸಂವಿಧಾನ, ಸರ್ಕಾರದ್ದು. ಮೊದಲು ಅದನ್ನು ಹಿಡಿಯಿರಿ. ಮನೆಯಿಂದ ಆನ್‌ಲೈನ್ ಬರೆಯುವುದಾದರೆ ಹಿಂದಿನ 60 ದಿನಗಳೊಳಗೆ 'ಜಿಇಡಿ ರೆಡಿ' ಅಭ್ಯಾಸ ಪರೀಕ್ಷೆಯಲ್ಲಿ ಹಸಿರು ಅಂಕ, ಅಂದರೆ ಪಾಸಾಗುವ ಸಾಧ್ಯತೆ ಹೆಚ್ಚು ಎಂದು ತೋರಿಸುವ ಅಂಕ, ಬಂದಿರಬೇಕು. ಫೇಲಾದರೆ ಅದೊಂದೇ ವಿಷಯ ಮತ್ತೆ ಬರೆಯಿರಿ. ಎರಡು ಮರುಪ್ರಯತ್ನಕ್ಕೆ ಸಾಮಾನ್ಯವಾಗಿ ಕಾಯಬೇಕಿಲ್ಲ, ಆಮೇಲೆ 60 ದಿನದ ಬಿಡುವು ಕಡ್ಡಾಯ.