ಮೂರು ತಿಂಗಳ ಸಸ್ಪೆನ್ಷನ್ನು, ಮೂರು ವರ್ಷದ ಪರದಾಟ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯೋದು ಸಲೀಸು.

2022ರ ಡಿಸೆಂಬರ್. ನೆಂಟರ ಮನೆಯ ಬಾಡೂಟ ಮುಗಿಸಿ ಬೈಕಿನಲ್ಲಿ ಕೋಲಾರಕ್ಕೆ ವಾಪಸ್ ಬರುತ್ತಿದ್ದೆ. ಎರಡು ಪೆಗ್ ಹಾಕಿದ್ದೆ. ಎರಡೇನಾ ಅಂತ ಕೇಳಬೇಡಿ. ರಸ್ತೆಯಲ್ಲಿ ಬ್ಯಾರಿಕೇಡ್ ಇಟ್ಟುಕೊಂಡು ಪೊಲೀಸರು ನಿಂತಿದ್ದರು. ಊದಿಸಿದರು. ಮಿಷನ್ 92 ತೋರಿಸಿತು. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ವಾದ ಮಾಡೋಕೆ ಏನೂ ಉಳಿದಿರಲಿಲ್ಲ. ಡಿಎಲ್ (ಡ್ರೈವಿಂಗ್ ಲೈಸೆನ್ಸ್) ತೆಗೆದುಕೊಂಡು ಕೈಗೆ ಒಂದು ಚೀಟಿ ಕೊಟ್ಟರು. ಬೈಕನ್ನು ಮಾರನೇ ದಿನ ನನ್ನ ಭಾವಮೈದುನ ಆರ್‌ಸಿ, ಇನ್ಶೂರೆನ್ಸ್ ತೋರಿಸಿ ಬಿಡಿಸಿಕೊಂಡು ಬಂದ.

ಕೋರ್ಟಿಗೆ ಹೋಗಬೇಕಾದ ತಾರೀಖು ಚೀಟಿಯಲ್ಲೇ ಇತ್ತು. ಅವತ್ತು ಟೊಮೇಟೊ ಕೀಳೋ ದಿನ. ಆಳುಗಳು ಬೆಳಿಗ್ಗೆ ಆರಕ್ಕೆಲ್ಲ ತೋಟದಲ್ಲಿದ್ದರು. 'ನಾಳೆ ಹೋದರಾಯ್ತು' ಅಂದುಕೊಂಡೆ. ಚೀಟಿಯನ್ನು ಕೋಲಾರಮ್ಮನ ಫೋಟೊ ಹಿಂದೆ ಸಿಕ್ಕಿಸಿದೆ. ಆ ನಾಳೆ ಬರಲೇ ಇಲ್ಲ. ಅಷ್ಟರಲ್ಲಿ ಕೋಲಾರದ ಬಾಡಿಗೆ ಮನೆ ಖಾಲಿ ಮಾಡಿ ವೇಮಗಲ್ ಕಡೆಯ ನಮ್ಮ ಹಳ್ಳಿಗೆ ಬಂದುಬಿಟ್ಟಿದ್ದೆವು. ಡಿಎಲ್‌ನಲ್ಲಿದ್ದದ್ದು ಮಾತ್ರ ಹಳೇ ವಿಳಾಸ. ಸಮನ್ಸು, ನೋಟಿಸು ಎಲ್ಲಾ ಆ ಮನೆಗೇ ಹೋಗಿವೆ. ಅಲ್ಲಿ ಆಗ ಬೇರೆಯವರಿದ್ದರು.

ನಾನು ನಿಶ್ಚಿಂತೆಯಾಗಿ ಫೋನಿನಲ್ಲಿದ್ದ ಡಿಎಲ್ ಫೋಟೊ ನಂಬಿಕೊಂಡು ಗಾಡಿ ಓಡಿಸುತ್ತಿದ್ದೆ. ಪುಣ್ಯಕ್ಕೆ ಏನೂ ಆಗಲಿಲ್ಲ.

ವಿಷಯ ಗೊತ್ತಾಗಿದ್ದು 2025ರ ಜೂನ್‌ನಲ್ಲಿ. ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಕೊಂಡೆ. ಇನ್ಶೂರೆನ್ಸ್ ಮಾಡಿಸುವಾಗ ಓನರ್‌ಗೆ 15 ಲಕ್ಷದ ಅಪಘಾತ ವಿಮೆ ಸೇರಿಸಬೇಕು, ಅದಕ್ಕೆ ಚಾಲ್ತಿಯಲ್ಲಿರುವ ಡಿಎಲ್ ಬೇಕು. ಇನ್ಶೂರೆನ್ಸ್ ಹುಡುಗ ನನ್ನ ಡಿಎಲ್ ನಂಬರ್ ಹಾಕಿ ಫೋನನ್ನು ನನ್ನ ಕಡೆ ತಿರುಗಿಸಿದ. "ಅಣ್ಣಾ, ಇದು ಸಸ್ಪೆಂಡ್ ಅಂತ ತೋರಿಸ್ತಿದೆ. ಮೇಲಾಗಿ 2024ರಲ್ಲೇ ಎಕ್ಸ್‌ಪೈರಿ ಆಗಿದೆ." ಮೈ ಬೆವರಿತು. ಅಮಾನತಿನಲ್ಲಿರುವಾಗ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 182ರಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಹೆದರಿಸಿದ್ದು ಇನ್ನೊಂದು. ಯಾರಿಗಾದರೂ ಗುದ್ದಿದ್ದರೆ, ಇನ್ಶೂರೆನ್ಸ್‌ನವರು ಆ ಮನೆಯವರಿಗೆ ಪರಿಹಾರ ಕೊಟ್ಟು ನನ್ನಿಂದ ವಸೂಲಿ ಮಾಡಬಹುದಿತ್ತು. ಎರಡೂವರೆ ವರ್ಷ ನಾನು ನನ್ನ ಜಮೀನನ್ನೇ ಅಡ ಇಟ್ಟು ಓಡಾಡುತ್ತಿದ್ದೆ ಅಂತ ಆಮೇಲೆ ಹೊಳೆಯಿತು.

ಅವತ್ತೇ ಕೀಲಿಯನ್ನು ಭಾವಮೈದುನನ ಕೈಗೆ ಕೊಟ್ಟೆ.

ಎಲ್ಲರ ಹಾಗೆ ನಾನೂ ಮೊದಲು ಓಡಿದ್ದು ಆರ್‌ಟಿಒ ಕಚೇರಿಗೆ. ಒಳಗೆ ಹೋಗೋ ಮುಂಚೆಯೇ ಒಬ್ಬ ಏಜೆಂಟ್ ಸಿಕ್ಕ. "ಹಳೇದನ್ನ ಮರೆತುಬಿಡಿ ಅಣ್ಣಾ. ಬೇರೆ ಜಿಲ್ಲೆಯಲ್ಲಿ ಲರ್ನರ್ ಲೈಸೆನ್ಸಿನಿಂದ ಹೊಸದಾಗಿ ಮಾಡಿಸಿಕೊಡ್ತೀನಿ, ಹದಿನೈದು ಸಾವಿರ" ಅಂದ. ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಒಬ್ಬರ ಹತ್ತಿರ ಎರಡು ಡಿಎಲ್ ಇರುವಂತಿಲ್ಲ. ಅಮಾನತು ಇರುವಾಗ ಹೊಸ ಲೈಸೆನ್ಸಿಗೆ ಅರ್ಜಿ ಹಾಕೋದೂ ಅದೇ 182ರ ಕೆಳಗೆ ಅಪರಾಧವೇ. ಇದು ನನಗೆ ಆಗ ಗೊತ್ತಿರಲಿಲ್ಲ. ಜೇಬಿನಲ್ಲಿ ಹದಿನೈದು ಸಾವಿರ ಇಲ್ಲದೇ ಇದ್ದದ್ದೇ ನನ್ನನ್ನು ಕಾಪಾಡಿತು.

ಒಳಗಿದ್ದ ಕೇಸ್ ವರ್ಕರ್ ಮೇಡಂ ಕಂಪ್ಯೂಟರ್ ನೋಡಿ ಎರಡೇ ಮಾತು ಹೇಳಿದರು. "ಕೋರ್ಟಲ್ಲಿ ಕೇಸ್ ಮುಗಿಸಿಕೊಂಡು ಆರ್ಡರ್ ತನ್ನಿ. ಅದಿಲ್ಲದೆ ಈ ಫೈಲ್ ಅಲ್ಲಾಡಲ್ಲ." ನಾನು "ಮೇಡಂ, ಮೂರು ತಿಂಗಳು ಸಸ್ಪೆನ್ಷನ್ ಅಂತ ಕೇಳಿದ್ದೆ, ಅದು ಯಾವತ್ತೋ ಮುಗೀತಲ್ವಾ?" ಅಂದೆ. ಅವರು ನಕ್ಕರು. ಕಾನೂನಿನಲ್ಲಿರೋದು ಹೀಗೆ: ಪೊಲೀಸರು ಕಳಿಸಿದ ಡಿಎಲ್ ಮೇಲೆ ಮೊದಲ ಸಲವಾದರೆ ಮೂರು ತಿಂಗಳು ಅಮಾನತು, ಎರಡನೇ ಸಲಕ್ಕೆ ರದ್ದು. ಅದಕ್ಕೆ ಮುಂಚೆ ನಮ್ಮ ಮಾತು ಕೇಳಬೇಕು. ಆದೇಶ ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನನ್ನ ನೋಟಿಸು ಹಳೇ ಮನೆಗೆ ಹೋಗಿತ್ತು, ಹಾಗಾಗಿ ಆ ದಾರಿ ಮುಚ್ಚಿತ್ತು. ಇನ್ನು ಮೂರು ತಿಂಗಳು ಕಳೆದ ಮಾತ್ರಕ್ಕೆ ಡಿಎಲ್ ತಾನಾಗಿ ವಾಪಸ್ ಬರಲ್ಲ. ರಿಫ್ರೆಶರ್ ತರಬೇತಿ ಮುಗಿಸಿದವರಿಗೆ ಮಾತ್ರ ಕೊಡಬೇಕು ಅಂತ 2019ರ ತಿದ್ದುಪಡಿಯಲ್ಲಿ ಬಂದಿದೆ.

ಅಂದರೆ ಬೀಗ ಆರ್‌ಟಿಒದಲ್ಲಿ, ಬೀಗದ ಕೈ ಕೋರ್ಟಿನಲ್ಲಿ.

ಆ ರಾತ್ರಿ ಮಗಳು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನನ್ನ ಹೆಸರು ಹಾಕಿ ಹುಡುಕಿದಳು. ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್, ವರ್ಷ ಹಾಕಿದರೆ ಸಾಕು. ಸಿಕ್ಕಿತು. ಮುಂದಿನ ಹಂತ ಅನ್ನೋ ಜಾಗದಲ್ಲಿ 'ಎನ್‌ಬಿಡಬ್ಲ್ಯು' ಅಂತಿತ್ತು. "ಅಪ್ಪಾ, ಇದೇನು?" ಅಂದಳು. ಜಾಮೀನುರಹಿತ ವಾರೆಂಟ್ ಅಂತ ಮಗಳಿಗೆ ಹೇಳೋದು ಎಷ್ಟು ಕಷ್ಟ ಅಂತ ಹೇಳಿದವನಿಗೇ ಗೊತ್ತು. ಕೇಸಿನ ಸಿಎನ್‌ಆರ್ ನಂಬರ್ ಬರೆದುಕೊಂಡೆ. ಹದಿನಾರು ಅಕ್ಷರದ ಆ ನಂಬರ್ ಇದ್ದರೆ ಲಾಯರ್ ಹತ್ತಿರ ಅರ್ಧ ಮಾತು ಉಳಿಯುತ್ತೆ.

ಲಾಯರ್ ಊರ ಕಡೆಯವರೇ, ನನಗಿಂತ ಚಿಕ್ಕವರು. ದುಡ್ಡಿಲ್ಲದವರು ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರು ಉಚಿತ. ನಾನು ಲೋಕ ಅದಾಲತ್‌ವರೆಗೆ ಕಾಯೋಣವಾ ಅಂತ ಕೇಳಿದೆ. "ಕಾಯಬಹುದು, ಆದರೆ ವಾರೆಂಟ್ ಇಟ್ಟುಕೊಂಡು ಯಾಕೆ? ಅವರು ಹುಡುಕಿಕೊಂಡು ಬರೋ ಮುಂಚೆ ನಾವೇ ಹೋಗೋಣ" ಅಂದರು. ಪೂರ್ತಿ ಕೇಸಿನಲ್ಲಿ ನಾನು ಕೇಳಿದ ಒಳ್ಳೆಯ ಸಲಹೆ ಇದೊಂದೇ. ವಕಾಲತ್ತಿಗೆ ಸಹಿ ಹಾಕಿಸಿಕೊಂಡು ವಾರೆಂಟ್ ರೀಕಾಲ್ ಅರ್ಜಿ ರೆಡಿ ಮಾಡಿದರು. ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಲ್ಲಿ ಅದು ಸೆಕ್ಷನ್ 70(2), ಅದರ ಬದಲು 2024ರ ಜುಲೈನಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ 72(2).

ಕೋರ್ಟಿಗೆ ಹೋದ ದಿನ ಭಾವಮೈದುನನೂ ಬಂದ. ಶ್ಯೂರಿಟಿ ಕೇಳಿದರೆ ಅಂತ ಪಹಣಿ, ಆಧಾರ್ ಎರಡನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡಿದ್ದ. ಹನ್ನೊಂದರಿಂದ ಬೆಂಚಿನ ಮೇಲೆ ಕೂತಿದ್ದೆವು. ಹೆಸರು ಕೂಗಿದ್ದು ಹನ್ನೆರಡೂವರೆಗೆ. ಕಾಲಲ್ಲಿ ಚಪ್ಪಲಿ ಇದೆಯಾ ಇಲ್ಲವಾ ಅನ್ನೋದೂ ತಿಳಿಯದೆ ಒಳಗೆ ಹೋದೆ. ಮ್ಯಾಜಿಸ್ಟ್ರೇಟರು ಫೈಲ್ ನೋಡಿ "ಯಾಕೆ ಬರಲಿಲ್ಲ?" ಅಂದರು. ಲಾಯರ್ ಹೇಳಿಕೊಟ್ಟಿದ್ದ ಉತ್ತರ ಉದ್ದವಾಗಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಟೊಮೇಟೊ ಕೀಳೋದಿತ್ತು ಸ್ವಾಮಿ. ಆಮೇಲೆ ಭಯ ಆಯ್ತು."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ವಾರೆಂಟ್ ವಾಪಸ್ ಪಡೆದರು. ತಪ್ಪು ಒಪ್ಪಿಕೊಳ್ಳುತ್ತೀಯಾ ಅಂತ ಕೇಳಿ, ಒಪ್ಪಿಕೊಂಡಾಗ 10,000 ರೂಪಾಯಿ ದಂಡ ಹಾಕಿದರು. ಪಹಣಿ ಕವರ್ ಬಿಚ್ಚೋ ಅಗತ್ಯವೇ ಬರಲಿಲ್ಲ. ಕುಡಿದು ಓಡಿಸಿದ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಜೈಲೂ ಹಾಕಬಹುದು, ಎರಡನೇ ಸಲಕ್ಕೆ ಎರಡು ವರ್ಷದವರೆಗೆ. ಹೊರಗೆ ಬಂದಾಗ ಭಾವಮೈದುನ "ಇಷ್ಟೇನಾ ಭಾವ?" ಅಂದ. ಇಷ್ಟೇ. ಅವತ್ತೇ ಬಂದಿದ್ದರೆ ಅರ್ಧ ದಿನದ ಕೆಲಸ.

ಇಲ್ಲಿ ಒಂದು ಕಿವಿಮಾತು. ದಂಡದ ರಸೀದಿ ಸಿಕ್ಕಿತು ಅಂತ ಮನೆಗೆ ಓಡಬೇಡಿ. ಆರ್‌ಟಿಒದವರಿಗೆ ಆದೇಶದ ಸರ್ಟಿಫೈಡ್ ಕಾಪಿ ಬೇಕು. ಅದಕ್ಕೆ ಕೋರ್ಟಿನ ನಕಲು ವಿಭಾಗದಲ್ಲಿ ಬೇರೆ ಅರ್ಜಿ ಹಾಕಬೇಕು. ಒಂದರ ಬದಲು ಎರಡು ಕಾಪಿ ತೆಗೆದುಕೊಳ್ಳಿ. ಆಧಾರ್‌ನಲ್ಲಿರುವ ಹೆಸರು, ಡಿಎಲ್ ಹೆಸರು, ಕೋರ್ಟ್ ಕಾಗದದ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ನನ್ನದರಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ತಪ್ಪಿತ್ತು, ಅದನ್ನು ಸರಿ ಮಾಡಿಸೋಕೆ ಇನ್ನೊಂದು ಬಸ್ ಚಾರ್ಜು.

ತರಬೇತಿಗೆ ಡ್ರೈವಿಂಗ್ ಸ್ಕೂಲಿಗೆ ಹೋದೆ. ಹೇಳಿಕೊಡುವ ಹುಡುಗ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವನಿರಬೇಕು. ಇಪ್ಪತ್ತು ವರ್ಷ ಓಡಿಸಿದವನಿಗೆ ಇವನೇನು ಹೇಳಿಕೊಡ್ತಾನೆ ಅಂತ ಕೈಕಟ್ಟಿ ಕೂತಿದ್ದೆ. ಅವನು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರ್‌ಗಿಂತ ಜಾಸ್ತಿ ಹೋಗುತ್ತೆ. "ಕುಡಿದವರ ಕಾಲು ಬ್ರೇಕ್ ಹುಡುಕೋಕೆ ಒಂದು ಸೆಕೆಂಡ್ ತಡ ಮಾಡಿದರೆ?" ಅಂತ ಕೇಳಿದ. ನಮ್ಮ ಮನೆ ಬಾಗಿಲಿಂದ ಹಸು ಕಟ್ಟೋ ಜಾಗ ಸುಮಾರು ಅಷ್ಟೇ ದೂರ. ಕಟ್ಟಿದ್ದ ಕೈ ಬಿಚ್ಚಿದೆ.

ಉಳಿದದ್ದು ರಿನೀವಲ್. ಎಕ್ಸ್‌ಪೈರಿ ಆಗಿ ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಲೇಬೇಕು. ಒಂದು ವರ್ಷದೊಳಗೆ ಹೋಗಿದ್ದರೆ ಇದು ತಪ್ಪುತ್ತಿತ್ತು. ನಲವತ್ತು ದಾಟಿದ್ದರಿಂದ ಡಾಕ್ಟರ್ ಸಹಿ ಮಾಡಿದ ಫಾರಂ 1ಎ ಬೇಕಾಯಿತು. ಟೆಸ್ಟ್ ಫೀಸು, ಕಾರ್ಡಿನ ಫೀಸು, ಜೊತೆಗೆ ತಡ ಮಾಡಿದ್ದಕ್ಕೆ ವರ್ಷಕ್ಕೆ ಸಾವಿರದ ಲೆಕ್ಕದಲ್ಲಿ ದಂಡ. ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಸಾರಥಿಯಲ್ಲಿ ವಿಳಾಸ ಬದಲಾವಣೆಗೂ ಆಗಲೇ ಅರ್ಜಿ ಹಾಕಿದೆ. ನನ್ನ ಕಥೆಯಲ್ಲಿ ನಿಜವಾದ ವಿಲನ್ ಆ ವಿಳಾಸವೇ. ಪಿಕಪ್ ಓಡಿಸೋಕೆ ಬೇರೆ ಬ್ಯಾಡ್ಜ್, ಅಂದರೆ ಸರಕು ಗಾಡಿಯ ಪ್ರತ್ಯೇಕ ಪರವಾನಗಿ, ಬೇಕಾ ಅಂತಲೂ ಕೇಳಿದೆ. ಬೇಡ. 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಪಿಕಪ್ ರಿವರ್ಸ್ ಮಾಡೋದು ನನಗೆ ನೀರು ಕುಡಿದಷ್ಟು ಸುಲಭ. ಟೆಸ್ಟಿನಲ್ಲಿ ಬೈಕನ್ನು ಎಂಟರ ಆಕಾರದಲ್ಲಿ ಓಡಿಸುವಾಗ ಮಾತ್ರ ಕಾಲು ಊರಿಬಿಟ್ಟೆ. ಫೇಲ್! ಪಕ್ಕದಲ್ಲಿ ಸಾಲು ನಿಂತಿದ್ದ ಕಾಲೇಜು ಹುಡುಗಿಯರು ಮುಖ ತಿರುಗಿಸಿ ನಕ್ಕರು. ಏಳು ದಿನ ಬಿಟ್ಟು ಮತ್ತೆ ಹೋದೆ. ಅಷ್ಟೂ ದಿನ ಮನೆ ಮುಂದಿನ ಕಣದಲ್ಲಿ ಟೊಮೇಟೊ ಬಾಕ್ಸ್ ಎರಡು ಇಟ್ಟುಕೊಂಡು ಎಂಟು ಹೊಡೆದಿದ್ದೆ.

ಪಾಸಾದ ದಿನವೇ ಓಡಿಸಬೇಕು ಅಂತ ಕೈ ತುರಿಸಿತು. ಮಗಳು ಬಿಡಲಿಲ್ಲ. ದಿನಾ ಸಂಜೆ ಫೋನಿನಲ್ಲಿ ಡಿಎಲ್ ಸ್ಥಿತಿ ನೋಡಿ "ಇನ್ನೂ ಸಸ್ಪೆಂಡ್ ಅಂತಲೇ ಇದೆ ಅಪ್ಪಾ" ಅನ್ನೋಳು. ಕೋರ್ಟಿನಲ್ಲಿ ಮುಗಿದರೂ, ಟೆಸ್ಟ್ ಪಾಸಾದರೂ, ಕಂಪ್ಯೂಟರಿನಲ್ಲಿ ಆ ಒಂದು ಪದ ಅಳಿಸಬೇಕಾದವರು ಕಚೇರಿಯವರು. ಎರಡನೇ ಸರ್ಟಿಫೈಡ್ ಕಾಪಿ ಹಿಡಿದು ಇನ್ನೊಮ್ಮೆ ಮೇಡಂ ಮುಂದೆ ನಿಂತಾಗಲೇ ಅದು ಹೋದದ್ದು. ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಹಳ್ಳಿ ವಿಳಾಸಕ್ಕೇ ಬಂತು. ಮಾರನೇ ದಿನ ಬೆಳಿಗ್ಗೆ ತೊಂಬತ್ತು ಬಾಕ್ಸ್ ಹಾಕಿಕೊಂಡು ಎಪಿಎಂಸಿ ಮಂಡಿಗೆ ನಾನೇ ಹೋದೆ. ಭಾವಮೈದುನ ಪಕ್ಕದ ಸೀಟಿನಲ್ಲಿ ಮಲಗಿದ್ದ.