ಜಾಹೀರಾತಿಗಿಂತ ಸುಮ್ಮನೆ ಕೂತ ಆ್ಯಪೇ ಅಪಾಯ

ವಿಜಯಪುರದಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಬರುವ ಆಂಡ್ರಾಯ್ಡ್ ಫೋನುಗಳ ದೂರು ಹೆಚ್ಚಾಗಿ ಒಂದೇ: ‘ಅಣ್ಣಾರ, ಏನೂ ಒತ್ತದ ಜಾಹೀರಾತು ಬರ್ತಾವ್ರಿ.’ ಬಂದ ಕೂಡಲೇ ರೀಸೆಟ್ ಹೊಡೆಯುವುದು ನನ್ನ ಪದ್ಧತಿಯಲ್ಲ. ಫೋಟೊಗಳ ಜೊತೆಗೆ, ಯಾವ ಆ್ಯಪ್ ಏನು ಮಾಡುತ್ತಿತ್ತು ಎಂಬ ಗುರುತೂ ಅಳಿಸಿಹೋಗುತ್ತದೆ.

ಜಾಹೀರಾತು ತೆರೆಯ ಮೇಲಿರುವಾಗಲೇ, ತೆರೆದ ಆ್ಯಪುಗಳನ್ನು ಕಾರ್ಡುಗಳಾಗಿ ತೋರಿಸುವ ರೀಸೆಂಟ್ ಬಟನ್ ಒತ್ತುತ್ತೇನೆ. ಕಾರ್ಡಿನ ಮೇಲಿನ ಐಕಾನ್ ಒತ್ತಿದರೆ ಆ್ಯಪ್ ಇನ್ಫೊ ಸಿಗುತ್ತದೆ. ಟಾರ್ಚ್, ಕ್ಲೀನರ್, ಕ್ಯೂಆರ್ ಸ್ಕ್ಯಾನರ್ ಹೆಸರಿನವೇ ಹೆಚ್ಚು. ನೋಟಿಫಿಕೇಶನ್ ರೂಪದಲ್ಲಿ ಬರುತ್ತಿದ್ದರೆ ಎಷ್ಟೋ ಸಲ ಅಲ್ಲಿ ಆ್ಯಪೇ ಇರುವುದಿಲ್ಲ. ಯಾವುದೋ ಸೈಟಿಗೆ ಕ್ರೋಮ್‌ನಲ್ಲಿ ‘ಅಲೋ’ ಒತ್ತಿರುತ್ತಾರೆ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದರೆ ಮುಗಿಯಿತು. ಅನುಮಾನ ಉಳಿದರೆ ಸೇಫ್ ಮೋಡ್: ಪವರ್ ಮೆನು ತೆರೆದು ‘ಪವರ್ ಆಫ್’ ಒತ್ತಿ ಹಿಡಿಯಬೇಕು. ಅಲ್ಲಿ ನಾವು ಹಾಕಿಕೊಂಡ ಆ್ಯಪುಗಳು ಓಡುವುದಿಲ್ಲ. ಕಾಟ ನಿಂತಿತೆಂದರೆ ತಪ್ಪು ಅವುಗಳಲ್ಲೇ ಒಂದರದು.

ನನ್ನನ್ನು ನಿಜವಾಗಿ ಕಾಡುವುದು ಜಾಹೀರಾತನ್ನೇ ತೋರಿಸದ ಆ್ಯಪ್. ಪಿಎಂ ಕಿಸಾನ್ ಕಂತು, ಆರ್‌ಟಿಒ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕುವ ಫೈಲ್ ಬರುತ್ತದೆ. 2000 ರೂಪಾಯಿ ಕಂತಿಗೆ ಕಾಯುವ ರೈತ ಅದನ್ನು ಒತ್ತುವುದರಲ್ಲಿ ಆಶ್ಚರ್ಯವೇನಿಲ್ಲ. ಅದು ಎಸ್‌ಎಂಎಸ್ ಅನುಮತಿ ಪಡೆದು ಐಕಾನ್ ಮರೆಮಾಡಿ ಕೂರುತ್ತದೆ, ಬಂದ ಒಟಿಪಿಯನ್ನು ಕಳ್ಳರಿಗೆ ದಾಟಿಸುತ್ತದೆ. ಯುಪಿಐ ನೋಂದಣಿಗೆ ಹೋಗುವ ಸಂದೇಶವೂ ಎಸ್‌ಎಂಎಸ್ಸೇ, ಆದ್ದರಿಂದ ಈ ಒಂದು ಅನುಮತಿ ಖಾತೆಗೇ ಕನ್ನ.

ಇಂಥ ಫೋನ್ ಬಂದರೆ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ಸಿಮ್ ಹೊರಗೆ ತೆಗೆಯುತ್ತೇನೆ. ಹಣ ಹೋಗಿದ್ದರೆ ಬೇರೆ ಫೋನಿನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಬ್ಯಾಂಕಿಗೆ ಆಗಲೇ ಕರೆ ಮಾಡಿಸುತ್ತೇನೆ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಜಾಗ ನೋಡುತ್ತೇನೆ: ಆ್ಯಕ್ಸೆಸಿಬಿಲಿಟಿ (ತೆರೆ ಓದಿ ನಮ್ಮ ಪರವಾಗಿ ಒತ್ತುವ ಅಧಿಕಾರ), ಡಿವೈಸ್ ಅಡ್ಮಿನ್ (ಫೋನಿನ ಮೇಲ್ವಿಚಾರಣೆಯ ಅಧಿಕಾರ), ನೋಟಿಫಿಕೇಶನ್ ಆ್ಯಕ್ಸೆಸ್, ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದ್ದರೆ ಸಾಮಾನ್ಯವಾಗಿ ಡಿವೈಸ್ ಅಡ್ಮಿನ್ ಆನ್ ಇರುತ್ತದೆ, ಅದನ್ನು ಆಫ್ ಮಾಡದೆ ಆ್ಯಪ್ ಹೋಗದು. ಆಫ್ ಮಾಡಲು ಹೋದಾಗ ತೆರೆ ತಾನೇ ಹಿಂದೆ ಜಿಗಿದರೆ ಆ್ಯಕ್ಸೆಸಿಬಿಲಿಟಿ ಅದರ ಕೈಯಲ್ಲಿದೆ ಎಂದರ್ಥ. ಆಗ ಸೇಫ್ ಮೋಡಿನಲ್ಲೇ ಕೆಲಸ ಮಾಡಬೇಕು. ಆಂಡ್ರಾಯ್ಡ್ 13ರಿಂದ ಹೊರಗಿನ ಎಪಿಕೆಗೆ ಆ್ಯಕ್ಸೆಸಿಬಿಲಿಟಿ ಸುಲಭಕ್ಕೆ ಸಿಗದು. ‘ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್ ಒತ್ರಿ’ ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ ಕರೆ ಕತ್ತರಿಸಿ.

ಸಿಮ್ ಮರಳಿ ಹಾಕಿದ ಮೇಲೆ *#21# ಒತ್ತಿ ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ನೋಡುತ್ತೇನೆ, ##002# ಒತ್ತಿ ರದ್ದು ಮಾಡುತ್ತೇನೆ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ್ದಿದ್ದರೆ ಲಾಗ್ ಔಟ್. ಪಾಸ್‌ವರ್ಡ್ ಬದಲಿಸುವುದು ಬೇರೆ ಸ್ವಚ್ಛ ಫೋನಿನಲ್ಲಿ. ಸೋಂಕಿದ ಫೋನಿನಲ್ಲಿ ಬದಲಿಸಿದರೆ ಹೊಸದೂ ಅವರಿಗೇ ಮುಟ್ಟುತ್ತದೆ.

ಒಂದು ಬಗೆಯ ಸ್ಪೈವೇರನ್ನು (ಗುಟ್ಟಾಗಿ ಕಣ್ಣಿಡುವ ಆ್ಯಪನ್ನು) ಮಾತ್ರ ಕಂಡ ಕೂಡಲೇ ಕೀಳುವುದಿಲ್ಲ. ಲಾಕ್ ಪ್ಯಾಟರ್ನ್ ಗೊತ್ತಿರುವ ಮನೆಯವರೇ ಐದು ನಿಮಿಷದಲ್ಲಿ ಹಾಕಿದ್ದು ಅದು; ಕೆಟ್ಟ ಆ್ಯಪ್ ಹುಡುಕುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಫೋನಿನ ಒಡೆಯರಿಗೆ ತಿಳಿಯದೆ ಆಫ್ ಆಗಿರುವುದು ಅದರ ಸುಳಿವು. ತೆಗೆದ ಕ್ಷಣವೇ ಹಾಕಿದವನಿಗೆ ತಿಳಿಯಬಹುದು, ಫೋನ್ ತಂದ ಹೆಣ್ಣುಮಗಳಿಗೆ ಏಟು ಬೀಳಬಹುದು. ಆ್ಯಪ್ ಇನ್ಫೊ, ಅನುಮತಿಗಳ ಫೋಟೊವನ್ನು ಬೇರೆ ಫೋನಿನಿಂದ ತೆಗೆದಿಟ್ಟು, ಯಾವಾಗ ಅಳಿಸಬೇಕೆಂಬ ತೀರ್ಮಾನವನ್ನು ಅಕ್ಕಾರಿಗೇ ಬಿಡುತ್ತೇನೆ.

ಕೊನೆಗೆ ರೀಸೆಟ್ ಮಾಡಲೇಬೇಕಾದರೆ ಬ್ಯಾಕಪ್‌ನಲ್ಲಿ ಫೋಟೊ, ಕಾಂಟ್ಯಾಕ್ಟ್ ಮಾತ್ರ. ಡೌನ್‌ಲೋಡ್ಸ್ ಮತ್ತು ವಾಟ್ಸ್ಆ್ಯಪ್ ಡಾಕ್ಯುಮೆಂಟ್ಸ್ ಫೋಲ್ಡರುಗಳಲ್ಲಿ ಅದೇ ಎಪಿಕೆ ಕೂತಿರುತ್ತದೆ, ಮೊದಲು ಅದನ್ನು ಅಳಿಸಿ.