ಹಾಲುಹಲ್ಲಿನ ಹುಳುಕನ್ನು ನೋವಿಗೆ ಮೊದಲೇ ಗುರುತಿಸುವ ಬಗೆ

ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುವುದೇ ಎಂಬ ಮಾತು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಲಿನ ಮನೆಗಳಲ್ಲೂ ಜಗಳೂರಿನ ಹಳ್ಳಿಗಳಲ್ಲೂ ಕೇಳಿಬರುತ್ತದೆ. ಆದರೆ ಹಾಲಿನ ದವಡೆ ಹಲ್ಲುಗಳು 10ರಿಂದ 12ನೆಯ ವಯಸ್ಸಿನವರೆಗೂ ಬಾಯಲ್ಲಿರಬೇಕಾದವು. ಅವು ಮೂರನೆಯ ವರ್ಷಕ್ಕೇ ಹುಳುಕಾದರೆ ಮಗು ಸರಿಯಾಗಿ ಅಗಿಯಲಾರದು, ರಾತ್ರಿ ನಿದ್ದೆಯೂ ಕೆಡುತ್ತದೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು ಎನ್ನುವ ಮನೆಗಳಲ್ಲಿ, ಹುಳುಕನ್ನು ಬೇಗ ಕಂಡುಹಿಡಿಯುವುದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ವಾರಕ್ಕೊಮ್ಮೆ ಬಾಗಿಲ ಬೆಳಕಿನಲ್ಲಿ ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಮೇಲ್ದುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಮುಂದಿನ ಹಲ್ಲುಗಳನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ ನೋಡಬೇಕು. ಒರೆಸಿದ ಮೇಲೂ ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂತಹ ಮಾಸಲು ಬಿಳಿಗೆರೆ ಉಳಿದರೆ, ಅದು ಹುಳುಕಿನ ಆರಂಭ. ಆಗಿನ್ನೂ ತೂತಾಗಿರುವುದಿಲ್ಲ, ನೋವೂ ಇರುವುದಿಲ್ಲ. ಸಿಹಿಯನ್ನು ಹತೋಟಿಗೆ ತಂದು ಫ್ಲೋರೈಡ್ ಪೇಸ್ಟಿನಿಂದ ಉಜ್ಜಿದರೆ ಅದನ್ನು ಅಲ್ಲಿಗೇ ತಡೆಯಬಹುದು. ಕಂದು ಬಣ್ಣಕ್ಕೆ ತಿರುಗಿ ತಗ್ಗು ಬಿದ್ದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆ ಮತ್ತು ಜೊಲ್ಲಿನ ರಕ್ಷಣೆ ಇರುವುದರಿಂದ ಅವು ಚೆನ್ನಾಗಿರುವುದನ್ನು ಕಂಡು ಸಮಾಧಾನಪಡಬಾರದು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ದೊಡ್ಡ ಮಕ್ಕಳ ಹಲ್ಲಿನಲ್ಲಿ ಕಾಣುವ ಕಂದು ಕಲೆಗಳು ಹುಳುಕಲ್ಲ. ಆದರೂ ಕಲೆ ಇರುವ ಹಲ್ಲು ಹುಳುಕಾಗುವುದಿಲ್ಲ ಎಂದು ತಿಳಿಯುವುದು ತಪ್ಪು.

ಇದ್ದಿಲು, ಬೂದಿ, ತಂಬಾಕಿನ ಪುಡಿ ಯಾವುದೂ ಬೇಡ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಪೊಟ್ಟಣದ ಮೇಲೆ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಎಂದಿರಲಿ. ಉಜ್ಜುವ ಕೈ ದೊಡ್ಡವರದೇ ಆಗಿರಬೇಕು, ಉಗುಳಲು ಕಲಿಸಬೇಕು. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಕೊಡಬಾರದು, ಸಕ್ಕರೆ ಹಾಲಿನ ಬಾಟಲಿಯನ್ನಂತೂ ಬಾಯಲ್ಲಿಟ್ಟು ಮಲಗಿಸಲೇಬಾರದು.

ಭಟ್ಟಿಯ ಕೆಲಸದ ನಡುವೆ ಅಳುವ ಮಗುವಿನ ಕೈಗೆ ತಾಯಿ ಬಿಸ್ಕತ್ತು ಕೊಟ್ಟರೆ ಅವಳನ್ನು ದೂರುವುದು ಅನ್ಯಾಯ. ಆದರೆ ಒಂದೇ ಪೊಟ್ಟಣವನ್ನು ದಿನವಿಡೀ ಚೂರುಚೂರಾಗಿ ತಿನ್ನಿಸಿದರೆ ಬಾಯಿಯ ಸೂಕ್ಷ್ಮಾಣುಗಳು ಆ ಸಿಹಿಯಿಂದ ಪದೇ ಪದೇ ಆಮ್ಲ ತಯಾರಿಸುತ್ತವೆ, ಹಲ್ಲು ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಆದ್ದರಿಂದ ಸಿಹಿಯನ್ನು ಊಟದ ಜೊತೆಗೇ ಕೊಟ್ಟು ಮುಗಿಸಬೇಕು.

ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಆ ದಿನವನ್ನು ಕಾರ್ಯಕರ್ತೆಯಿಂದ ಮೊದಲೇ ಕೇಳಿಕೊಂಡು ಮಗುವನ್ನು ತೋರಿಸಿ. ದಾವಣಗೆರೆಯಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯವೂ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಕೂಡ ಇವೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಬಹುದೇ ಎಂದು ಅಲ್ಲಿ ಕೇಳಿ. ಸೂಜಿಯಾಗಲಿ ಕೊರೆಯುವುದಾಗಲಿ ಇಲ್ಲದೆ ಅನೇಕ ಹುಳುಕುಗಳನ್ನು ತಡೆಯುವ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಹುಳುಕು ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಕೆನ್ನೆ ಊದಿ ಜ್ವರ ಬಂದರೆ, ಲವಂಗದೆಣ್ಣೆ ಹಚ್ಚಿ ಕಾಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಆರನೆಯ ವರ್ಷದ ಹೊತ್ತಿಗೆ ಹಾಲಿನ ದವಡೆ ಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದು ಅಲಕ್ಷಿಸುವವರೇ ಹೆಚ್ಚು. ಅದು ಶಾಶ್ವತ ಹಲ್ಲು, ಪೂರ್ತಿ ಮೇಲೆ ಬರುವವರೆಗೆ ಬ್ರಷ್ಷನ್ನು ಪಕ್ಕದಿಂದ ಒಳಗೆ ತೂರಿಸಿ ಪ್ರತ್ಯೇಕವಾಗಿ ಉಜ್ಜಬೇಕು.